ಕೋಟಿನ ಹಿಂದಿನ ಕಂಬಿ

"ಹೆಣ ಇನ್ನೂ ಮನೇಲಿದೆ, ಮೊಳೆ ಹೊಡೀತಾ ಇದೀಯಲ್ಲೇ," ಎಂದು ಸೋದರಮಾವ ಸುತ್ತಿಗೆಗೆ ಕೈ ಹಾಕಿದ. ಮಗಳು ಬಿಡಲಿಲ್ಲ. ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳಲ್ಲಿ ಒಂದನ್ನು ತೆಗೆದು ಗೋಡೆಗಿಟ್ಟು ಎರಡೇ ಏಟಿಗೆ ಇಳಿಸಿದಳು.

"ಅವಳಿಗೇನು ಎಚ್ಚರ ಆಗಲ್ಲ ಮಾವ."

ಕಿಟಕಿಯ ಪಕ್ಕದ ಮಂಚದ ಮೇಲೆ ತಾಯಿ ಮಲಗಿದ್ದಳು. ಬಿಳಿ ಹೊದಿಕೆಯ ಮೇಲೆ ಬಲಗೈ ಮಾತ್ರ ಕಾಣುತ್ತಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ, ಮುರುಟಿ, ಒಣಶುಂಠಿಯ ಹಾಗಿದ್ದ ಕೈ. ಸೋದರಮಾವ ಅದನ್ನು ಎರಡು ಸಲ ಹೊದಿಕೆಯೊಳಗೆ ಸರಿಸಿದ್ದ. ಮಗಳು ಎರಡು ಸಲವೂ ಹೊರಗೆ ತೆಗೆದಿಟ್ಟಿದ್ದಳು. ಹೆಣ ಒಯ್ಯುವ ಗಾಡಿ ಮೂರು ಗಂಟೆಗೆ ಬರುವುದಿತ್ತು.

"ಆ ಮನುಷ್ಯ ಬರ್ತಾನೆ ಅಂತ ತಾನೇ ಇದೆಲ್ಲ?"

"ಬರ್ತಾನೆ. ನಾನೇ ಫೋನ್ ಮಾಡಿ ಕರೆದಿದೀನಿ."

"ಸತ್ತೋರ ಮುಂದೆ ಹಗೆ ಬೇಡ ಕಣೇ. ಎಲ್ಲ ಮಣ್ಣಾಗಿ ಹೋಗುತ್ತೆ."

"ಮಣ್ಣಾಗೋದು ಅವಳು. ಅವನು ಚೆನ್ನಾಗೇ ಇದಾನಲ್ಲ."

ಲಾಂಡ್ರಿಯ ಯಜಮಾನ ಹಳೆಯ ಕೆಲಸಗಾರರ ಸಾವಿಗೆ ಒಮ್ಮೆಯೂ ತಪ್ಪಿಸಿಕೊಂಡವನಲ್ಲ. ಎಲ್ಲರಿಗಿಂತ ದೊಡ್ಡ ಹೂವಿನ ಹಾರ ಅವನದೇ, ಮೇಲೆ ನಾಲ್ಕು ಮಾತು. ಸತ್ತವರು ಯಾರೇ ಆಗಲಿ, "ನಮ್ಮ ಮನೆಯವರೇ ಆಗಿದ್ದರು" ಎನ್ನುತ್ತಿದ್ದ. ಬದುಕಿದ್ದಾಗ ಒಂದು ದಿನ ರಜೆ ಕೇಳಿದರೆ ಮುಖ ತಿರುಗಿಸುತ್ತಿದ್ದವನಿಗೆ ಸತ್ತ ಮೇಲೆ ಎಲ್ಲರೂ ನೆಂಟರು.

ತಾಯಿ ಬಿಡಿಸಿದ್ದ ಹತ್ತೊಂಬತ್ತು ಚಿತ್ರಗಳನ್ನು ಮಗಳು ಸಾಲಾಗಿ ತೂಗುಹಾಕಿದಳು. ಹತ್ತೊಂಬತ್ತರಲ್ಲೂ ಒಂದೇ ಮುಖ. ಇಪ್ಪತ್ತನೆಯದನ್ನು ಬಾಗಿಲ ಹಿಂಬದಿಗೆ ಅಂಟಿಸಿ, ಅದರ ಮೇಲ್ಗಡೆ ಒಂದು ಮೊಳೆ ಹೊಡೆದಳು.

*

ಲಾಂಡ್ರಿಯ ಇಸ್ತ್ರಿ ಯಂತ್ರಕ್ಕೆ ಮುಂದೆ ಒಂದು ಕೆಂಪು ಕಂಬಿ ಇತ್ತು. ಮೇಲಿನ ಕಾದ ತಗಡು ಇಳಿಯುವಾಗ ಕೈ ಒಳಗೆ ಹೋಗದಂತೆ ಅದು ತಡೆಯುತ್ತಿತ್ತು. ಒಂದೊಂದು ಬಟ್ಟೆಗೂ ಅದನ್ನು ಎತ್ತಬೇಕು, ಇಳಿಸಬೇಕು. ಕೆಲಸ ನಿಧಾನ. ಹದಿನಾರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹೋಟೆಲಿನವರು ಮುನ್ನೂರು ಹಾಸುಬಟ್ಟೆ ಅವಸರದಲ್ಲಿ ಕೇಳಿದ್ದರೆಂದು, ಯಜಮಾನ ತಾನೇ ಸ್ಪ್ಯಾನರ್ ಹಿಡಿದು ಕಂಬಿ ಬಿಚ್ಚಿದ. ಆಫೀಸಿನ ಬಾಗಿಲ ಹಿಂದಿನ ಮೊಳೆಗೆ ಅದನ್ನು ಸಿಕ್ಕಿಸಿ, ಮೇಲೆ ತನ್ನ ಕೋಟು ಹಾಕಿದ.

ಮಧ್ಯಾಹ್ನದೊಳಗೆ ತಾಯಿಯ ಬಲಗೈ ತಗಡಿನಡಿ ಸಿಕ್ಕಿತು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಯಜಮಾನ ಒಂದು ಕಾಗದ ಇಟ್ಟ. ಅವಳೇ ಕಂಬಿ ಬಿಚ್ಚಿ ಎಲ್ಲೋ ಬಿಸಾಡಿದ್ದಾಳೆ ಎಂದು ಅದರಲ್ಲಿತ್ತು. ಕೆಳಗೆ ಮೂವರ ಸಹಿ: ಬಟ್ಟೆ ಮಡಿಸುವ ಕೆಲಸದ ಮಡಿಸೋ ಅಕ್ಕ, ಬಾಯ್ಲರ್ ಅಣ್ಣ, ಗಾಡಿ ಓಡಿಸುವವನು. ಲಾಂಡ್ರಿ ಮುಚ್ಚಿದರೆ ನಿಮ್ಮ ಗತಿಯೇನು ಎಂದು ಯಜಮಾನ ಕೇಳಿದ್ದ, ಅಷ್ಟೇ. ಅವಳ ಮಾತಿನ ಮೇಲೆ ಅಧಿಕಾರಿ ಆಫೀಸಿನ ಬಾಗಿಲ ಹಿಂದೆ ನೋಡಿದಾಗ ಅಲ್ಲಿ ಕೋಟು ಮಾತ್ರ ಇತ್ತು.

*

ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ, ಕೈಕಾಲು ಸೋತವರಿಗೆ ಚಿತ್ರ ಕಲಿಸುವ ಟೀಚರ್ ಅವಳ ಎಡಗೈಗೆ ಪೆನ್ಸಿಲ್ ಕೊಟ್ಟಿದ್ದರು. "ಮನಸ್ಸಿಗೆ ಬಂದಿದ್ದು ಬಿಡಿಸಿ. ಹೂವು, ಹಕ್ಕಿ, ಏನಾದ್ರೂ."

ಅವಳ ಮನಸ್ಸಿಗೆ ಬಂದದ್ದು ಯಜಮಾನ. ಮೊದಲ ಚಿತ್ರದಲ್ಲಿ ಅವನು ಮೀಸೆ ಅಂಟಿಸಿದ ಕುಂಬಳಕಾಯಿಯ ಹಾಗಿದ್ದ. ಕೋಣೆಯವರೆಲ್ಲ ನಕ್ಕರು, ಅವಳೂ ನಕ್ಕಳು. ಅಪಘಾತ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ವರ್ಷ ಕಳೆಯುವುದರೊಳಗೆ ಎಡಗೈ ಗುಂಡಿ ಹಾಕಲು ಕಲಿಯಿತು, ಚೆಲ್ಲದೆ ಚಹಾ ಸೋಸಲು ಕಲಿಯಿತು. ಕುಂಬಳಕಾಯಿಗೆ ಕಣ್ಣು ಬಂತು, ಕತ್ತು ಬಂತು, ಸುಳ್ಳು ಹೇಳುವಾಗ ಎಡಕ್ಕೆ ಸರಿಯುವ ತುಟಿಯೂ ಬಂತು.

"ಬಿಡಿಸ್ತಾ ಬಿಡಿಸ್ತಾ ಕೋಪ ಹೋಯ್ತಾ ಅಮ್ಮ?" ಎಂದು ಟೀಚರ್ ಕೇಳಿದರು.

"ಎಲ್ಲಿಗೆ ಹೋಗುತ್ತೆ ಟೀಚರ್? ಅದೂ ನನ್ನ ಜೊತೆ ಚಿತ್ರ ಕಲೀತಾ ಇದೆ."

ಟೀಚರ್ ಮತ್ತೆ ಹೂವಿನ ಮಾತೆತ್ತಲಿಲ್ಲ. ಹೊಸ ಕೆಂಪು ಬಣ್ಣದ ಪೆನ್ಸಿಲ್ ತಂದುಕೊಟ್ಟರು.

*

ಎರಡೂವರೆಗೆ ಯಜಮಾನ ಬಂದ. ಹಾರ ಬಾಗಿಲಲ್ಲಿ ಹಿಡಿಸದೆ ಓರೆ ಮಾಡಿ ತರಬೇಕಾಯಿತು. ಕೋಣೆ ತುಂಬ ಲಾಂಡ್ರಿಯ ಜನ. ಮಗಳು ಮುಂದೆ ಬಂದು ವಿನಯದಿಂದ ಕೈ ಚಾಚಿದಳು.

"ಒಳಗೆ ಸೆಕೆ ಇದೆ ಯಜಮಾನ್ರೇ. ಕೋಟ್ ಕೊಡಿ, ಇಲ್ಲೇ ಹಾಕಿರ್ತೀನಿ."

ಬಾಗಿಲ ಹಿಂದಿನ ಮೊಳೆಗೆ ಕೋಟು ಹಾಕಿದಳು.

ಅವನು ಹಾರ ಇಟ್ಟು, ಗಂಟಲು ಸರಿಮಾಡಿಕೊಂಡು, "ಈಕೆ ನಮ್ಮ ಮನೆಯವಳೇ ಆಗಿದ್ದಳು," ಎಂದು ಶುರುಮಾಡಿದ. ಮುಂದಿನ ಮಾತು ಬರುವ ಮೊದಲು ತಲೆಯೆತ್ತಿದ. ಗೋಡೆಯ ಮೇಲಿಂದ ಅವನೇ ಅವನನ್ನು ಹತ್ತೊಂಬತ್ತು ಸಲ ನೋಡಿದ.

"ಓಹೋ. ನನ್ನ ಮೇಲೆ ಎಷ್ಟು ಅಭಿಮಾನ," ಎಂದ. ತುಟಿ ಎಡಕ್ಕೆ ಸರಿಯಿತು. ಸೋದರಮಾವ ಗೋಡೆ ನೋಡಿದ, ತುಟಿ ನೋಡಿದ, ಕೆಮ್ಮಿದ.

ಬೆಳಗಿನಿಂದ ಮಂಚದ ಕಾಲ ಹತ್ತಿರ ಕೂತು ಅಳುತ್ತಿದ್ದವಳು ಮಡಿಸೋ ಅಕ್ಕ. ಈ ಅಳು ಮಗಳ ಮೈಯೆಲ್ಲ ಉರಿಸಿತ್ತು. ಅಕ್ಕ ಈಗ ಎದ್ದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಪ್ರತಿ ಚಿತ್ರದಲ್ಲೂ ಯಜಮಾನನ ಭುಜದ ಹಿಂದೆ ಒಂದು ಬಾಗಿಲು, ಬಾಗಿಲಿಗೊಂದು ಕೋಟು, ಕೋಟಿನ ಕೆಳಗಿಂದ ಇಣುಕುವ ಒಂದು ಗೇಣು ಕೆಂಪು.

"ಇದು ಕಂಬಿ," ಎಂದಳು ಅಕ್ಕ.

"ನಿನಗೆ ಕಣ್ಣು ಮಂಜಾಗಿದೆ, ಕೂತ್ಕೋ," ಎಂದ ಯಜಮಾನ. "ಗಾಡಿ ಬರೋ ಹೊತ್ತಾಯ್ತು, ನಾನು ಬರ್ತೀನಿ."

ಅವನು ನೇರ ಬಾಗಿಲಿಗೆ ಹೋಗಿ ಕೋಟು ಎಳೆದುಕೊಂಡ. ಅದರ ಹಿಂದಿತ್ತು ಇಪ್ಪತ್ತನೆಯ ಚಿತ್ರ. ಅದರಲ್ಲಿ ಮುಖವಿರಲಿಲ್ಲ. ಕಂಬಿ ಮಾತ್ರ, ಕೆಂಪಗೆ, ನಿಜದಷ್ಟೇ ಉದ್ದ, ಎಡತುದಿ ಸ್ವಲ್ಪ ಬಗ್ಗಿದ್ದು.

ಅಕ್ಕ ಬಂದು ಆ ಬಗ್ಗಿದ ತುದಿಯ ಮೇಲೆ ಬೆರಳಿಟ್ಟಳು.

"ಒರೆಸೋವಾಗ ನಾನೇ ಬೀಳಿಸಿದ್ದೆ. ಯಜಮಾನ್ರು ಬಯ್ತಾರೆ ಅಂತ ಅತ್ತುಬಿಟ್ಟೆ. ತಾನೇ ಬೀಳಿಸಿದ್ದು ಅಂತ ಹೇಳಿ ಬೈಸಿಕೊಂಡಿದ್ದು ಇವಳು." ಅವಳು ಮಂಚದ ಕಡೆ ನೋಡಲಿಲ್ಲ. ಮಗಳ ಕಡೆ ತಿರುಗಿದಳು. "ಇವಳ ಕೈ ಸಿಕ್ಕಿದ ದಿನ ಇವರು ಇದನ್ನ ಕೋಟಿನ ಹಿಂದೆ ಹಾಕಿದ್ದನ್ನೂ ನೋಡಿದೀನಿ. ಮೂರು ಜನಾನೂ ನೋಡಿದ್ವಿ. ಪೆನ್ಸಿಲ್ ಇದ್ಯಾ ಮಗಳೇ?"

ಹದಿನಾರು ವರ್ಷ ಈ ಹೆಂಗಸಿಗೆ ಶಾಪ ಹಾಕಿದ್ದ ಮಗಳು ದಿಂಬಿನ ಪಕ್ಕದಲ್ಲಿದ್ದ ಮೊಂಡು ಪೆನ್ಸಿಲ್ ತೆಗೆದುಕೊಟ್ಟಳು. ಕ್ಷಮಿಸಿ ಕೊಟ್ಟದ್ದಲ್ಲ.

ಒತ್ತಿ ಬರೆಯಲು ಹೋದರೆ ಬಾಗಿಲು ಅಲುಗಾಡುತ್ತಿತ್ತು. ಅಕ್ಕ ಭುಜ ಕೊಟ್ಟು ಅದನ್ನು ಮುಚ್ಚಿದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ದಾರಿ ಬಿಡಿ," ಎಂದ ಯಜಮಾನ, ಯಾರಿಗೆಂದು ಅವನಿಗೇ ತಿಳಿಯದೆ.

ಅಕ್ಕ ಚಿತ್ರದ ಕೆಳಗೆ, ಅಂದು ಕಾಗದದ ಮೇಲೆ ಹಾಕಿದ್ದ ಅದೇ ಸೊಟ್ಟ ಅಕ್ಷರಗಳಲ್ಲಿ, ನಿಧಾನವಾಗಿ ಸಹಿ ಮಾಡಿದಳು. ಅವಳ ಹಿಂದೆ ಬಾಯ್ಲರ್ ಅಣ್ಣ ಅಂಗೈ ಒರೆಸಿಕೊಳ್ಳುತ್ತ ಬಂದು ನಿಂತ. ಮುಚ್ಚಿದ ಬಾಗಿಲಿನ ಈಚೆ, ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಜಮಾನ ಅವರು ಮುಗಿಸುವುದನ್ನು ಕಾಯುತ್ತಿದ್ದ.