ಹಂದಿ ಬಾರದ ಜಾಗ

ಕ್ಯಾಸಲ್‌ರಾಕಿನ ಇಂಗ್ಲಿಷ್ ಚರ್ಚಿನಲ್ಲಿ ದೇವರ ಮುಂದೆ ಎಲ್ಲರೂ ಸಮ. ಹಾಗಂತ ಗೋಡೆಯ ಮೇಲಿನ ಹಿತ್ತಾಳೆ ತಗಡಿನಲ್ಲಿ ಕೆತ್ತಿಸಿದ್ದರು. ಆ ತಗಡನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗುವವಳು ಕಾಶೆವ್ವ. ಬೆಳಗಿ ಮುಗಿಸಿ ಹೊರಗೆ ವರಾಂಡದಲ್ಲಿ ಕೂಡುತ್ತಿದ್ದಳು. ಪ್ರಾರ್ಥನೆಯ ಹೊತ್ತಿಗೆ ಅವಳ ಜಾಗ ಅದೇ.

ಮುಂಡಗೋಡದ ಕಡೆಯ ಹಳ್ಳಿಯಲ್ಲಿ ಅವಳ ಹಿರಿಯರು ಗುಡಿಯಿಂದ ದೂರ, ನೆರಳು ಕೂಡ ಮೆಟ್ಟಿಲಿಗೆ ತಾಗದಂತೆ ನಿಲ್ಲುತ್ತಿದ್ದರು. ಹುಬ್ಬಳ್ಳಿಯಲ್ಲಿ ದೀಕ್ಷಾಸ್ನಾನವಾಗಿ ರೆಬೆಕ್ಕ ಎಂಬ ಹೆಸರು ಬಂದ ಮೇಲೆ ಕಾಶೆವ್ವ ದೇವರ ಮನೆಯ ಒಳಗೆ ಹೋಗಿ ಕಸ ಹೊಡೆಯುವಂತಾದಳು. ಹೊರಗಿಂದ ಒಳಗಿನ ಕಸದವರೆಗೆ ಬರಲು ತಲೆಮಾರುಗಳೇ ಬೇಕಾಗಿದ್ದವು. ಆ ಹೊಸ ಹೆಸರೂ ತಿಂಗಳಿಗೊಮ್ಮೆ ಬೆಳಗಾವಿಯಿಂದ ಬರುವ ಪಾದ್ರಿಯ ಬಾಯಲ್ಲಿ ಮಾತ್ರ. ಉಳಿದಂತೆ ಮೇಮ್‌ಸಾಹೇಬರ ‘ಏ ಕಾಶಿ!’

ಗಂಡ ದಾನಿಯೇಲ ರೈಲು ಹಳಿಯ ಗ್ಯಾಂಗಿನವನು. ಚರ್ಚಿನ ಗಂಟೆ ಹೊಡೆಯುವುದು, ಹೆಂಚಿನ ಸಂದಿಯ ಬಾವಲಿ ಓಡಿಸುವುದು, ಗೆದ್ದಲು ಹತ್ತದಂತೆ ಹಾರ್ಮೋನಿಯಮ್ಮಿನ ಕಾಲಿಗೆ ಸೀಮೆಎಣ್ಣೆ ಸವರುವುದು ಅವನ ಪಾಲಿನ ದೇವರ ಸೇವೆ. ಹಿಂದಿನ ಸ್ಮಶಾನದ ಕಲ್ಲುಗೋಡೆ ಕಟ್ಟಿದವನೂ ಅವನೇ. ಗೋಡೆಯ ಒಳಗೆ ಬಿಳಿಯರು ಮಲಗುತ್ತಿದ್ದರು. ಕರಿಯ ಕ್ರೈಸ್ತರಿಗೆ ಹಳ್ಳದಾಚೆಯ ಕಾಡಿನ ಅಂಚು. ಹೋದ ಮಳೆಗಾಲದಲ್ಲಿ ಗಂಡ ಹೆಂಡತಿ ತಮ್ಮ ಕೂಸನ್ನು ಅಲ್ಲಿ ಮಣ್ಣು ಮಾಡಿ ಬಂದಿದ್ದರು. ಮೂರನೆಯ ದಿನ ಹೋಗಿ ನೋಡಿದರೆ ಗೋರಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಬಂದವರು ದೇವದೂತರಲ್ಲ, ಕಾಡುಹಂದಿಗಳು. ಕೂಸಿನ ತಲೆಗೆ ಹಾಕಿದ್ದ ಕುಂಚಿಗೆಯೊಂದು ಮುಳ್ಳಿಗೆ ಸಿಕ್ಕು ಉಳಿದಿತ್ತು. ಕಾಶೆವ್ವ ಅದನ್ನು ತೊಳೆದು ಮಡಚಿ ಟ್ರಂಕಿನಲ್ಲಿ ಇಟ್ಟಳು.

ಯುದ್ಧದ ನಾಲ್ಕನೆಯ ಬೇಸಿಗೆಯಲ್ಲಿ ದಾನಿಯೇಲನಿಗೇ ಕಾಡುಜ್ವರ ಬಂತು. ಜ್ವರದ ಕ್ವಿನೈನ್ ಗುಳಿಗೆ ಕೇಳಿದರೆ ‘ಎಲ್ಲಾ ಸಿಪಾಯಿಗಳಿಗೆ ಹೋತು’ ಎಂಬ ಉತ್ತರ.

“ಕಾಶೀ, ನನ್ನ ಗ್ವಾಡಿ ಒಳಗ ಹಾಕಸ,” ಎಂದ, ಹಲ್ಲು ಕಟಕಟ ಅನ್ನಿಸುತ್ತ. “ಹಂದಿಗೆ ಕೂಳಾಗಾಕ ನನಗ ಮನಸಿಲ್ಲ.”

“ಸಾಯೂ ಮಾತ ಬಿಡು, ಗಂಜಿ ಕುಡಿ.”

“ಗಂಜಿ ಕುಡೀತೇನಿ. ಮೊದಲ ಜಾಗ ನೋಡು.”

ಕಾಶೆವ್ವ ವಾಕರ್ ಸಾಹೇಬನ ಬಂಗಲೆಗೆ ಹೋದಳು. ಸ್ಟೇಶನ್ನಿನ ದೊಡ್ಡ ಸಾಹೇಬನೂ ಅವನೇ, ಚರ್ಚಿನ ಆಡಳಿತ ನೋಡುವ ವಾರ್ಡನ್ನನೂ ಅವನೇ. ಹಳಿಯ ಮೇಲಿನ ಗಾಡಿಯ ಹಾಗೆ ಸ್ವರ್ಗದ ಗಾಡಿಗೂ ಹಸಿರು ನಿಶಾನೆ ತೋರಿಸುವವನು ತಾನೇ ಎಂದು ನಂಬಿದ್ದ. ಅವನ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುವವನು ಬಟ್ಲರ್ ಹಸನಸಾಬ.

“ತಂಗೀ, ಸಾಹೇಬ್ರಿಗೆ ಭಾಳ ದುಃಖ ಆಗೇತಂತ,” ಎಂದ ಹಸನಸಾಬ. “ಸ್ವರ್ಗದಾಗ ಎಲ್ಲಾರೂ ಕೂಡೇ ಇರೂಣು ಅಂತಾರ. ಇಲ್ಲಿ ಮಾತ್ರ ಆಗೂದಿಲ್ಲಂತ. ಕಾಯ್ದೆ.”

“ಸ್ವರ್ಗದಾಗೂ ಗ್ವಾಡಿ ಕಟ್ಟಾಕ ನನ್ನ ಗಂಡನ್ನ ಕರೀತಾರೇನ, ಕೇಳ್ರಿ ಅಣ್ಣಾರ.”

ಹಸನಸಾಬ ಅದನ್ನು ಇಂಗ್ಲಿಷಿಗೆ ಏರಿಸಲಿಲ್ಲ. ಅವನಿಗೂ ಹೊಟ್ಟೆಪಾಡು ಇತ್ತು.

ಈಸ್ಟರ್ ಬಂತು. ಪಾದ್ರಿಯೂ ಬಂದ. ಆದರೆ ಸಾಹೇಬರು ಎಲ್ಲಿ? ಒಬ್ಬೊಬ್ಬರೇ ಯುದ್ಧಕ್ಕೆ ಹೋಗಿ ಬೆಂಚುಗಳು ಖಾಲಿ ಬಿದ್ದಿದ್ದವು. ದಾಂಡೇಲಿಯಿಂದ ಬರಬೇಕಿದ್ದ ಕಾಡಿನ ಸಾಹೇಬ ಬರಲಾರೆನೆಂದು ತಾರು ಕಳಿಸಿದ. ಉಳಿದವರು ವಾಕರ್ ಸಾಹೇಬ ಮತ್ತು ಅವನ ಮೇಮ್.

ಅವರ ಮತದ ಕಟ್ಟಳೆಯೊಂದಿತ್ತು: ಪ್ರಭುಭೋಜನಕ್ಕೆ ಪಾದ್ರಿಯನ್ನು ಬಿಟ್ಟು ಮೂರು ಜನರಾದರೂ ಬೇಕು. ಮೂವರು ರೊಟ್ಟಿ ತಿಂದು ದ್ರಾಕ್ಷಾರಸ ಕುಡಿಯದಿದ್ದರೆ ಭೋಜನವೇ ಇಲ್ಲ. ಈಸ್ಟರಿಗೂ ಭೋಜನ ನಡೆಯದ ಚರ್ಚಿಗೆ ಬೀಗ ಹಾಕಿ, ಗಂಟೆಯನ್ನು ಬೆಳಗಾವಿಗೆ ಕಳಿಸಿರೆಂದು ಬಿಷಪ್ಪ ಆಗಲೇ ಹೇಳಿಕಳಿಸಿದ್ದ. ಗೋಡೆಯ ಆ ಹಿತ್ತಾಳೆ ತಗಡು ಮೇಮ್‌ಸಾಹೇಬರ ತಂದೆಯ ನೆನಪಿನದು. ಅಪ್ಪನ ಹೆಸರಿಗೆ ಬೀಗ ಬೀಳುವುದನ್ನು ನೆನೆದು ಆಕೆ ಕರವಸ್ತ್ರ ಹಿಂಡುತ್ತಿದ್ದಳು.

ಪಾದ್ರಿ ವರಾಂಡದ ಕಡೆ ನೋಡಿದ. ದಾನಿಯೇಲ ಜ್ವರದಲ್ಲಿ ಮಲಗಿದ್ದ; ಅಲ್ಲಿದ್ದವಳು ಕಾಶೆವ್ವ ಒಬ್ಬಳೇ. ಇಷ್ಟು ವರ್ಷ ಸಾಹೇಬರು ಕುಡಿದು ಉಳಿದ ಬಟ್ಟಲನ್ನು ಅಲ್ಲಿಗೇ ತಂದು ಕೊಡುತ್ತಿದ್ದ. ಅಲ್ಲಿ ಕೂತವರನ್ನು ಎಣಿಸುವ ಪ್ರಸಂಗವೇ ಬಂದಿರಲಿಲ್ಲ.

“ರೆಬೆಕ್ಕಳೇ, ಒಳಗೆ ಬಾ,” ಎಂದ, ಪುಸ್ತಕ ಓದಿ ಕಲಿತ ಕನ್ನಡದಲ್ಲಿ. “ಇಬ್ಬರು ಸಾಲದು. ನೀನು ಮೂರನೆಯವಳು.”

ಕಾಶೆವ್ವ ಏಳಲಿಲ್ಲ. “ಗ್ವಾಡಿ ಒಳಗ ನನ್ನ ಗಂಡಗ ಜಾಗ ತೋರಸ್ರಿ. ಆಮ್ಯಾಲ ಬರ್ತೇನಿ.”

ವಾಕರ್ ಸಾಹೇಬ ಕೆಂಪಗಾದ. ಮೇಮ್ ಬಾಗಿಲಲ್ಲಿ ನಿಂತಿದ್ದ ಹಸನಸಾಬನತ್ತ ಬೆರಳು ಮಾಡಿದಳು: ಇವನನ್ನೇ ಕೂಡಿಸಿದರೆ ಆಗದೆ?

“ಕುಂದ್ರಾಕೇನು, ಕುಂದ್ರತೇನ್ರಿ,” ಎಂದ ಹಸನಸಾಬ ಕೈಮುಗಿದು. “ಆದ್ರ ಆ ಕೆಂಪ ನೀರು ಒಲ್ಲೇರಿ. ನನ್ನ ಹೇಂತಿ ರೋಷನಬಿ ಬಾಯಿ ಮೂಸಿ ನೋಡ್ತಾಳ.”

ಗೋವೆಯ ಗಾರ್ಡುಗಳೂ ಕ್ರೈಸ್ತರೇ. ಆದರೆ ಅವರು ಪೋಪನ ಕಡೆಯ ಕ್ಯಾಥೊಲಿಕರು, ಅವರ ಇಗರ್ಜಿ ಬೇರೆ. ಒಬ್ಬನೇ ಯೇಸುವಿಗೆ ಎರಡು ಹಳಿ. ಒಂದರ ಗಾಡಿ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ.

ಪಾದ್ರಿ ಗಡಿಯಾರ ನೋಡಿದ. ಲೋಂಡಾ ಗಾಡಿ ಹೊರಡಲು ಹೆಚ್ಚು ಹೊತ್ತಿರಲಿಲ್ಲ. ಸಾಹೇಬ ಹಲ್ಲು ಕಚ್ಚಿ, “ಆಗಲಿ, ನೋಡೋಣ” ಅಂದನಂತೆ.

“ನೋಡೂಣು ಅನ್ನೂದನ್ನ ಭಾಳ ನೋಡೇನ್ರಿ,” ಎಂದಳು ಕಾಶೆವ್ವ. “ಹಾರಿ ತರಸ್ರಿ.”

ಹಾರೆ ಬಂತು. ಸ್ಮಶಾನಕ್ಕೆ ಎಲ್ಲರೂ ನಡೆದರು. ವೇದಿಯ ಬಾಡಿದ ಹೂವು ಎಸೆಯುವ ಮೂಲೆಯನ್ನು ಸಾಹೇಬ ಬೆತ್ತದಿಂದ ತೋರಿಸಿದ. ಹಸನಸಾಬ ಹಾರೆ ಹಾಕಿದರೆ ಟಣ್ ಅಂತು. ಬಂಡೆ. ಇನ್ನೊಂದು ಮೂಲೆಯಲ್ಲೂ ಬಂಡೆ. ಹಾರೆ ಇಳಿದದ್ದು ಒಂದೇ ಕಡೆ: ಮೇಮ್‌ಸಾಹೇಬರ ತಂದೆಯ ಅಮೃತಶಿಲೆಯ ಗೋರಿಯ ಮಗ್ಗುಲಿಗೆ. ವಾಕರ್ ಸಾಹೇಬ ತನಗೆಂದೇ ಕಾದಿರಿಸಿಕೊಂಡ ಮೆತ್ತನೆಯ ಮಣ್ಣು ಅದು.

ದೂರದಲ್ಲಿ ಇಂಜಿನ್ನು ಕೂಗಿತು. ಸಾಹೇಬ ಒಪ್ಪಿ ಗೋಣು ಹಾಕಿದ. ಕಾಶೆವ್ವ ತಾನೇ ಕಲ್ಲು ಆರಿಸಿ ನಾಲ್ಕು ಮೂಲೆಗೆ ನೆಟ್ಟು, ಕೈ ತೊಳೆದು ಒಳಗೆ ನಡೆದಳು.

ನಡೆದವಳು ವೇದಿಯ ಮುಂದಿನ ಕಟಾಂಜನದ ಬಲತುದಿಗೆ ಹೋಗಿ ಮೊಣಕಾಲೂರಿದಳು. ನೆಲ ಒರೆಸಲು ಅವಳು ದಿನವೂ ಶುರು ಮಾಡುವುದು ಅಲ್ಲಿಂದಲೇ. ಬಟ್ಟಲು ಮೊದಲು ಬರುವುದೂ ಅಲ್ಲಿಗೇ. ಬೇಕಂತ ಮಾಡಿದ್ದಲ್ಲ ಎಂದು ಆಮೇಲೆ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು.

ಪಾದ್ರಿ ರೊಟ್ಟಿ ಕೊಟ್ಟ, ಬಟ್ಟಲು ಹಿಡಿದ. ಕಾಶೆವ್ವ ಗುಟುಕರಿಸಿದಳು. ಮುಂದಿನವಳು ಮೇಮ್. ಪಾದ್ರಿ ಬಿಳಿ ಬಟ್ಟೆಯಿಂದ ಅಂಚು ಒರೆಸಿದ. ಆ ಬಟ್ಟೆಯನ್ನು ಒಗೆದವಳೂ ಕಾಶೆವ್ವನೇ. ಮೇಮ್ ಅಂಚನ್ನು ನೋಡಿದಳು, ಕಾಶೆವ್ವನ ತುಟಿಯನ್ನು ನೋಡಿದಳು, ತಲೆ ಎತ್ತಿ ಅಪ್ಪನ ತಗಡನ್ನು ನೋಡಿದಳು. ಅದು ಫಳಫಳ ಹೊಳೆಯುತ್ತಿತ್ತು. ಕುಡಿಯದಿದ್ದರೆ ಮತ್ತೆ ಇಬ್ಬರೇ. ಕಣ್ಣು ಮುಚ್ಚಿ, ಕಷಾಯ ಕುಡಿದಂತೆ ಕುಡಿದಳು. ಕ್ರಿಸ್ತನು ಎದ್ದನೋ ಇಲ್ಲವೋ, ಚರ್ಚಂತೂ ಉಳಿಯಿತು.

ಸೋಜಿಗವೆಂದರೆ ಮರುದಿನದಿಂದ ಕ್ವಿನೈನ್ ಸಿಗತೊಡಗಿತು. ಸಿಪಾಯಿಗಳ ಪಾಲಾಗಿದ್ದ ಬಿಳಿ ಗುಳಿಗೆಗಳು ಸಾಹೇಬನ ಬಂಗಲೆಯಿಂದಲೇ ದಿನಾ ದಾನಿಯೇಲನ ಗುಡಿಸಲಿಗೆ ಬರುತ್ತಿದ್ದವು. ತನ್ನ ಮಾವನ ಮಗ್ಗುಲಲ್ಲಿ ಗ್ಯಾಂಗಿನವನೊಬ್ಬ ಮಲಗುವುದನ್ನು ತಪ್ಪಿಸಲು ಸಾಹೇಬನಿಗೆ ಉಳಿದದ್ದು ಒಂದೇ ದಾರಿ: ಅವನನ್ನು ಬದುಕಿಸುವುದು.

ಬದುಕಿಸಿದ. ದಾನಿಯೇಲ ಎದ್ದು ಗಂಟೆ ಹೊಡೆದ, ಹೆಂಡತಿಯ ಪಕ್ಕದಲ್ಲಿ ಮೊಣಕಾಲೂರಿದ. ಹೀಗೆ ಮೇಮ್‌ಸಾಹೇಬರು ಬರದಿದ್ದರೂ ಸಾಹೇಬನೂ ಸೇರಿ ಮೂವರಾಗತೊಡಗಿದರು. ಆಕೆ ಬರುವುದನ್ನೇ ಬಿಟ್ಟಳು.

ಒಂದು ರವಿವಾರ ಗಂಡ ಹೆಂಡತಿ ಆ ನಾಲ್ಕು ಕಲ್ಲಿನ ಪಕ್ಕ ಕೂತಿದ್ದರು. ದಾನಿಯೇಲ ಬೀಡಿ ಹಚ್ಚಿದ್ದ. ಹಸನಸಾಬ ಬಂದು ಕೆಮ್ಮಿದ.

“ಸಾಹೇಬ್ರು ಕೇಳಾಕತ್ತಾರ. ಹ್ಯಾಂಗೂ ನಿನಗ ಆರಾಮ ಆತಲ್ಲ, ಈ ಜಾಗ ಹೊಳ್ಳಿ ಬಿಟ್ಟಕೊಡ್ತೀರೇನಂತ. ಇನ್ನೂ ಖಾಲೀನ ಐತೆಲ್ಲ ಅಂತಾರ.”

ದಾನಿಯೇಲ ಹೆಂಡತಿಯ ಮುಖ ನೋಡಿದ. ಅವಳು ಈಸ್ಟರಿನ ಸಂಜೆಯೇ ಟ್ರಂಕು ತೆಗೆದು, ಇಲ್ಲಿಗೆ ಬಂದು, ಮಣ್ಣು ಕೆದರಿ, ಮಡಚಿದ ಕುಂಚಿಗೆಯನ್ನು ಒಳಗಿಟ್ಟು ಮುಚ್ಚಿದ್ದಳು.

“ಖಾಲಿ ಇಲ್ಲಂತ ಹೇಳ್ರಿ ಅಣ್ಣಾರ,” ಎಂದಳು ಕಾಶೆವ್ವ.