ನೀಲಿ ಚುಕ್ಕಿ ಕಾಣಿಸುವ ಬಲ್ಬು

ನಮ್ಮ ಅಡುಗೆಮನೆಯ ಸಿಂಕಿನ ನೇರ ಮೇಲೆ, ಚಾವಣಿಯ ಹಲಗೆಯೊಳಗೆ ಹುದುಗಿಸಿ ಕೂರಿಸಿದ ಒಂದು ದೀಪವಿದೆ. ಅದು ಕೆಟ್ಟದ್ದು ಒಂದು ಶನಿವಾರ ಮಧ್ಯಾಹ್ನ, ನನ್ನ ಅತ್ತೆ ಸಿಯೆನಿ ನಾಲ್ಕನೆಯ ಮೀನಿನ ಹುರುಪೆ ಕೆರೆಯುತ್ತಿದ್ದಾಗ. ಟಪ್ ಎಂದಿತು, ಆರಿಹೋಯಿತು. ಸಮೋವಾ ಬಿಟ್ಟು ಬಂದು ನಾವು ನೆಲೆಸಿರುವ ಮಾಂಗೆರೆಯ ಆಕಾಶ ಬೆಳಗಿನಿಂದಲೇ ಮೋಡ ಕಟ್ಟಿಕೊಂಡಿತ್ತು; ಕಿಟಕಿಯಿಂದ ಬರುತ್ತಿದ್ದ ಬೆಳಕು ಪಾತ್ರೆಯ ಅಂಚು ಕಾಣುವಷ್ಟೂ ಇರಲಿಲ್ಲ.

"ಲೂಪೇ, ದೀಪ ಆರಿಸಿದ್ಯಾರೇ?"

"ಯಾರೂ ಆರಿಸಿಲ್ಲ ಅತ್ತೆ. ಬಲ್ಬು ಹೋಯ್ತು."

"ಒಳ್ಳೇ ದಿನ ನೋಡ್ಕೊಂಡು ಹೋಯ್ತು! ನಾಳೆ ಪಾದ್ರಿಗಳು ಊಟಕ್ಕೆ ಬರ್ತಾರಲ್ಲೇ!"

ಅತ್ತೆಯ ಗಾಬರಿಗೆ ಕಾರಣವಿತ್ತು. ಎರಡು ಭಾನುವಾರದ ಹಿಂದೆ ಚರ್ಚು ಮುಗಿಸಿ ನಮ್ಮಲ್ಲಿ ಊಟಕ್ಕೆ ಕೂತಿದ್ದ ಪಾದ್ರಿಗಳು ತೆಂಗಿನ ಹಾಲಿನ ಮೀನನ್ನು ಬಾಯಿಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, ನಾಲಿಗೆಯಿಂದ ಒಂದು ಹುರುಪೆಯನ್ನು ತೆಗೆದು ತಟ್ಟೆಯ ಅಂಚಿಗಿಟ್ಟಿದ್ದರು. ಏನೂ ಹೇಳಲಿಲ್ಲ. ಅವರು ಏನಾದರೂ ಅಂದಿದ್ದರೆ ಅತ್ತೆಗೆ ಅಷ್ಟು ನೋವಾಗುತ್ತಿರಲಿಲ್ಲ. ನಲವತ್ತು ವರ್ಷ ಮೀನು ಕೆರೆದ ಕೈ ಅದು. ಅಂದಿನಿಂದ ಆಕೆ ತಪ್ಪನ್ನೆಲ್ಲ ಸಿಂಕಿನ ದೀಪದ ಮೇಲೆ ಹೊರಿಸಿದ್ದರು. ದೀಪ ಮಂಕು ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಅದು ಬಿಟ್ಟರೆ ಸಂತೆಯ ಮೀನಿನವನ ಮೇಲೆ. "ಹಳಸಲು ಮೀನು ಕೊಡ್ತಾನೆ. ತಾಜಾ ಸ್ನ್ಯಾಪರ್ ಆದ್ರೆ ಬೆನ್ನ ಮೇಲೆ ನೀಲಿ ಚುಕ್ಕಿ ಇರ್ಬೇಕು. ಒಂದು ವರ್ಷದಿಂದ ಒಂದು ಚುಕ್ಕಿ ನೋಡಿಲ್ಲ ನಾನು!" ಎಂದು ಜನರ ಮುಂದೆಯೇ ಅವನ ಜೊತೆ ಜಗಳವಾಡಿಬಂದಿದ್ದರು.

ನನ್ನ ಗಂಡ ಫೆರೆಟಿ ವಿಮಾನ ನಿಲ್ದಾಣದಲ್ಲಿ ಸಾಮಾನು ತುಂಬುವ ಕೆಲಸದವನು. ಬಲ್ಬು ತಾನೇ ಎಂದು ಹೋಗಿ ಅರ್ಧ ಗಂಟೆಯಲ್ಲಿ ಒಂದು ತಂದ. ಕುರ್ಚಿ ಹತ್ತಿ ಒತ್ತಿದ, ತಿರುಗಿಸಿದ, ಮತ್ತೆ ಒತ್ತಿದ. ಅವನು ತಂದದ್ದಕ್ಕೆ ಸೂಜಿಯಂಥ ಎರಡು ಕಡ್ಡಿಗಳಿದ್ದವು. ನಮ್ಮ ದೀಪಕ್ಕೆ ಬೇಕಾದದ್ದು ಎರಡು ಗಿಡ್ಡ ಗುಬಟುಗಳಿರುವ, ಒತ್ತಿ ತಿರುಗಿಸುವ ಬಲ್ಬು.

ಕೆಳಗೆ ಕುರ್ಚಿ ಹಿಡಿದು ನಿಂತಿದ್ದ ಅತ್ತೆ ಕೇಳಿದರು: "ಬಲ್ಬು ಹಾಕ್ತಿದ್ದೀಯೋ, ಚಾವಣಿಗೆ ಕಿವಿ ಚುಚ್ತಿದ್ದೀಯೋ?"

"ಅಮ್ಮಾ, ಅಂಗಡೀಲಿ ನೂರು ಥರ ಇದೆ. ಎಲ್ಲಾ ನೋಡೋಕೆ ಒಂದೇ ಥರ."

"ಸಮೋವಾಕ್ಕೆ ಹೋಗೋ ಪೆಟ್ಟಿಗೆಗಳು ಟೋಂಗಾದಲ್ಲಿ ಯಾಕೆ ಇಳೀತವೆ ಅಂತ ಈಗ ಗೊತ್ತಾಯ್ತು ಬಿಡು. ಇಳಿ ಕೆಳಗೆ. ನಾನೇ ಹೋಗ್ತೀನಿ."

ಸುಟ್ಟ ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾನು ಕಾರು ತೆಗೆದೆ. ಅತ್ತೆ ತಮ್ಮ ದೊಡ್ಡ ಹೆಣೆದ ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಎರಡು ತಿರುವು ದಾಟುವಷ್ಟರಲ್ಲಿ ಕಾರಿನಲ್ಲೆಲ್ಲ ವಾಸನೆ.

"ಅತ್ತೆ, ಚೀಲದಲ್ಲಿ ಏನಿದೆ?"

"ಮೀನು."

"ಬಲ್ಬು ತರೋಕೆ ಮೀನ್ಯಾಕೆ?"

"ಬಟ್ಟೆ ತಗೊಳ್ಳೋವಾಗ ಮೈಗೆ ಹಿಡಿದು ನೋಡಲ್ವಾ? ಇದೂ ಹಾಗೇ. ಮೀನಿಗೆ ಹಿಡಿದು ನೋಡ್ತೀನಿ."

ಬೇಕರಿಯ ಪಕ್ಕದ ದೀಪದಂಗಡಿ ಪರ್ಮೋದ್‌ನದು. ಫಿಜಿಯಿಂದ ಬಂದವನು, ಐವತ್ತರ ಆಸುಪಾಸು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ನಾನು ಕೊಟ್ಟ ಸುಟ್ಟ ಬಲ್ಬನ್ನು ತಿರುಗಿಸಿ ನೋಡಿ, "ಇದು ಹಳೇ ಕಾಲದ್ದು, ಕೆಂಡದ ಹಾಗೆ ಕಾಯುತ್ತೆ. ಎಲ್‌ಇಡಿ ಹಾಕಿ. ಗೂಡಿನೊಳಗೆ ಕೂರೋದಲ್ವಾ, ಗಾಳಿ ಆಡಲ್ಲ, ಬಿಸಿ ತಡೆಯೋದೇ ಕೊಡ್ತೀನಿ," ಎಂದ. ಆಮೇಲೆ ಅತ್ತೆಯತ್ತ ತಿರುಗಿ, "ಅಮ್ಮಾ, ಆ ದೀಪದ ಕೆಳಗೆ ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ.

ಅತ್ತೆಗೆ ಆ ಪ್ರಶ್ನೆ ಬಹಳ ಹಿಡಿಸಿತು. ಚೀಲದಿಂದ ಕಾಗದದ ಪೊಟ್ಟಣ ತೆಗೆದು ಕೌಂಟರಿನ ಮೇಲೆ ಬಿಚ್ಚಿದರು. ಮಾರುದ್ದವಿಲ್ಲದಿದ್ದರೂ ಮೊಣಕೈಯುದ್ದದ ಸ್ನ್ಯಾಪರ್ ಪರ್ಮೋದ್‌ನನ್ನು ಬಾಯಿ ತೆರೆದು ನೋಡಿತು.

"ಈ ಕೆಲಸ. ಇದರ ಬೆನ್ನ ಮೇಲೆ ನೀಲಿ ಚುಕ್ಕಿ ಇದ್ರೆ ಕಾಣ್ಬೇಕು. ಅಂಥಾ ಬಲ್ಬು ಕೊಡು ಮಗಾ."

ಪರ್ಮೋದ್ ನಗಲಿಲ್ಲ. ಕೌಂಟರಿನ ಕೆಳಗಿನಿಂದ ಒಂದು ಹಲಗೆ ಎತ್ತಿಟ್ಟ. ಅದರಲ್ಲಿ ಸಾಲಾಗಿ ಮೂರು ದೀಪ, ಮೂರು ಸ್ವಿಚ್ಚು. "ಮೊದಲನೇದು ಹಳದಿ, ಊಟದ ಮನೆಗೆ ಚೆಂದ. ನಡುವಿನದು ಅತ್ತ ಹಳದಿಯೂ ಅಲ್ಲ, ಇತ್ತ ಬಿಳಿಯೂ ಅಲ್ಲ, ಸಿಂಕಿಗೆ ನಾನು ಕೊಡೋದು ಇದೇ. ಮೂರನೇದು ಅಚ್ಚ ಬಿಳಿ." ಮೀನನ್ನು ಕೆಳಗೆ ಸರಿಸಿ ಮೊದಲನೆಯದನ್ನು ಹಾಕಿದ.

"ಚಹಾ ಬಣ್ಣ," ಎಂದರು ಅತ್ತೆ.

ಎರಡನೆಯದು ಹಾಕಿದ. ಮೀನಿನ ಬೆನ್ನ ಮೇಲೆ, ಯಾರೋ ಪೆನ್ನಿನ ಶಾಯಿ ಚಿಮುಕಿಸಿದ ಹಾಗೆ, ನೀಲಿ ಚುಕ್ಕಿಗಳು ನನಗೆ ಸ್ಪಷ್ಟವಾಗಿ ಕಂಡವು.

"ಇದೂ ಚಹಾನೇ. ಸ್ವಲ್ಪ ಹಾಲು ಹಾಕಿದೀಯ, ಅಷ್ಟೇ."

ಮೂರನೆಯದು ಹಾಕಿದಾಗ ನಾನು ಕಣ್ಣು ಕಿರಿದು ಮಾಡಬೇಕಾಯಿತು. ಅತ್ತೆ ಮುಖವನ್ನು ಮೀನಿನ ಹತ್ತಿರಕ್ಕೆ ಒಯ್ದು ಹುಡುಕಿದರು. ನೆಟ್ಟಗಾದಾಗ ಸಿಟ್ಟಾಗಿದ್ದರು. "ನೋಡಿದ್ಯಾ ಲೂಪೆ? ಒಂದು ಚುಕ್ಕಿ ಇಲ್ಲ. ಆ ಮೀನಿನವನು ಕಳ್ಳ ಅಂತ ನಾನು ಹೇಳ್ಲಿಲ್ವಾ?"

ನಾನೂ ಪರ್ಮೋದನೂ ಮುಖ ಮುಖ ನೋಡಿಕೊಂಡೆವು. ಈ ಒಂದು ವರ್ಷದಲ್ಲಿ ಆಕೆ ಚರ್ಚಿನಲ್ಲಿ ಹಾಡಿನ ಪುಸ್ತಕ ತೆರೆಯದೆ ಬಾಯಿಪಾಠ ಹಾಡುತ್ತಿದ್ದದ್ದು, ಮೊಮ್ಮಗಳ ಫೋಟೋ ತೋರಿಸಿದರೆ "ಮುದ್ದಾಗಿದ್ದಾಳೆ" ಎಂದು ಬೇಗ ವಾಪಸು ಕೊಡುತ್ತಿದ್ದದ್ದು, ಎಲ್ಲಾ ಒಟ್ಟಿಗೆ ನೆನಪಾಯಿತು.

ಪರ್ಮೋದ್ ತಗ್ಗಿದ ದನಿಯಲ್ಲಿ, "ಅಮ್ಮಾ, ಒಂದು ಕಣ್ಣು ಮುಚ್ಚಿ ನೋಡ್ತೀರಾ?" ಎಂದ.

"ಬಲ್ಬು ಕೊಳ್ಳೋಕೆ ಬಂದಿದೀನಿ ಮಗಾ, ಕಣ್ಣು ಮಾರೋಕಲ್ಲ."

"ಒಂದೇ ಒಂದು ಸಲ. ನಮ್ಮಮ್ಮಂಗೂ ಹೀಗೇ ಆಗಿತ್ತು."

ಅತ್ತೆ ಗೊಣಗುತ್ತಲೇ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು. ಸ್ವಲ್ಪ ಹೊತ್ತು ನೋಡಿದರು. ಕೈಯನ್ನು ಎಡಗಣ್ಣಿಗೆ ಬದಲಿಸಿದರು. ಮತ್ತೆ ಬಲಗಣ್ಣಿಗೆ. ಅಂಗಡಿಗೆ ಬಂದ ಇನ್ನೊಬ್ಬ ಗಿರಾಕಿ, ಕೌಂಟರಿನ ಮೇಲೆ ಮೀನನ್ನೂ ಅದರ ಮುಂದೆ ಕಣ್ಣು ಮುಚ್ಚಿ ತೆಗೆಯುತ್ತಿದ್ದ ಮುದುಕಿಯನ್ನೂ ನೋಡಿ, ಸದ್ದಿಲ್ಲದೆ ಹೊರಗೆ ಹೋದ.

"ಈ ಕಣ್ಣಲ್ಲಿ ಕಡುಚಹಾ," ಎಂದರು ಅತ್ತೆ ಕೊನೆಗೆ. "ಆ ಕಣ್ಣಲ್ಲಿ ಹಾಲು ಚಹಾ." ಆಮೇಲೆ ಚಕ್ಕನೆ ಮೀನನ್ನು ಸುತ್ತಿಕೊಂಡು, "ಆ ಮೂರನೇದು ಕೊಡು. ಅತಿ ಬಿಳಿಯಾದದ್ದು," ಎಂದರು.

"ನಡುವಿನದು ತಗೊಳ್ಳಿ ಅಮ್ಮಾ..."

"ಮೂರನೇದು ಅಂದ್ನಲ್ಲ."

ಕಾರಿನಲ್ಲಿ ಕೂತ ಮೇಲೆ ಅತ್ತೆ ಬೆಲ್ಟು ಹಾಕಿಕೊಳ್ಳಲಿಲ್ಲ. ನಾನೂ ಕಾರು ಹೊರಡಿಸಲಿಲ್ಲ.

"ನನಗೆ ಗೊತ್ತಿತ್ತು ಕಣೇ," ಎಂದರು. "ಊರಲ್ಲಿ ನಮ್ಮಮ್ಮನೂ ಹೀಗೇ ಮಂಕಾಗ್ತಾ ಮಂಕಾಗ್ತಾ ಹೋಗಿ, ಕೊನೇ ಒಂಬತ್ತು ವರ್ಷ ಮನೆ ಕಂಬಕ್ಕೆ ಒರಗಿ ಕೂತಿದ್ಲು. ಬಂದವರ ಮುಖ ಮುಟ್ಟಿ ಇದು ಇಂಥವರು ಅಂತಿದ್ಲು. ಯಾರಿಗಾದ್ರೂ ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ ಸುಮ್ನಿದ್ದೆ."

"ಅತ್ತೆ, ಆಗ ಆ ಊರಲ್ಲಿ ಡಾಕ್ಟರೇ ಇರಲಿಲ್ಲ. ಇದು ಕಣ್ಣಿನ ಪೊರೆ. ಅರ್ಧ ಗಂಟೆ ಕೆಲಸ. ಪರ್ಮೋದ್ ಅವರಮ್ಮ ಈಗ ಸೂಜಿಗೆ ತಾವೇ ದಾರ ಹಾಕ್ತಾರಂತೆ."

"ಯಾವಾಗ ಹೇಳಿದ?"

"ನೀವು ಮೀನು ಸುತ್ತುವಾಗ."

"ಹಾಗಾದ್ರೆ ಆಸ್ಪತ್ರೆಗೆ ನೀನೇ ಬರ್ಬೇಕು. ಫೆರೆಟಿ ಬೇಡ. ಆ ಬಲ್ಬಿನ ಹಾಗೆ ಬೇರೆ ಯಾರದಾದ್ರೂ ಕಣ್ಣು ಹಾಕಿಸ್ಕೊಂಡು ಬರ್ತಾನೆ," ಎಂದು ಹೇಳಿ ಬೆಲ್ಟು ಎಳೆದುಕೊಂಡರು.

ಮೂರನೆಯ ಬಲ್ಬು ಅಂದೇ ಕೂತಿತು. ಅದರ ಬೆಳಕಿನಲ್ಲಿ ನಮ್ಮ ಸಿಂಕು ಶಸ್ತ್ರಚಿಕಿತ್ಸೆಯ ಮೇಜಿನಂತೆ ಕಾಣುತ್ತಿತ್ತು. ಫೆರೆಟಿ ಕಪ್ಪು ಕನ್ನಡಕ ಹಾಕಿಕೊಂಡೇ ಪಾತ್ರೆ ತೊಳೆಯುತ್ತಿದ್ದ. ಅತ್ತೆ ಮಾತ್ರ "ಪರವಾಗಿಲ್ಲ, ಬೆಳಕಿದೆ" ಎನ್ನುತ್ತಿದ್ದರು. ಆ ಭಾನುವಾರ ಪಾದ್ರಿಗಳ ಮೀನನ್ನು ಆಕೆ ಕೆರೆದರು, ನಾನು ಪಕ್ಕದಲ್ಲಿ ನಿಂತು ಮತ್ತೊಮ್ಮೆ ತೊಳೆದೆ. ಆಕೆ ಬೇಡವೆನ್ನಲಿಲ್ಲ, ಸೊಂಟದಿಂದ ನನ್ನನ್ನು ಒಮ್ಮೆ ತಿವಿದು ಜಾಗ ಬಿಟ್ಟುಕೊಟ್ಟರು.

ಪೊರೆ ತೆಗೆಸಲು ಆಸ್ಪತ್ರೆಯ ಸರದಿಗೆ ನಾಲ್ಕು ತಿಂಗಳು ಕಾದೆವು. ಮೊದಲು ಬಲಗಣ್ಣು. ಮಾರನೆಯ ದಿನ ಬೆಳಿಗ್ಗೆ ಪಟ್ಟಿ ತೆಗೆಸಿ ಮನೆಗೆ ಕರೆತಂದೆ. ಅತ್ತೆ ನೇರ ಅಡುಗೆಮನೆಗೆ ಹೋಗಿ ಸ್ವಿಚ್ಚು ಹಾಕಿದವರೇ ಕಿರುಚಿದರು.

"ಅಯ್ಯೋ! ಇದ್ಯಾರೇ ನಮ್ಮನೇಲಿ ಮಿಂಚು ಕಟ್ಟಿಹಾಕಿದವರು? ಆರಿಸು, ಆರಿಸು!"

"ನೀವೇ ಆರಿಸಿ ತಂದದ್ದು ಅತ್ತೆ."

"ನಾಲ್ಕು ತಿಂಗಳು ನೀವು ಇದನ್ನ ಸಹಿಸ್ಕೊಂಡ್ರಾ?" ಆಮೇಲೆ ಸುತ್ತ ನೋಡಿದರು. ಅಲ್ಲಿಂದ ನಮಗೆ ಗ್ರಹಚಾರ ಶುರುವಾಯಿತು. ಕೆನೆ ಬಣ್ಣದ್ದೆಂದು ಆಕೆ ತಿಳಿದಿದ್ದ ಪರದೆ ಬಿಳಿಯದ್ದಾಗಿತ್ತು. ಗೋಡೆಯ ಮೇಲೆ ಎಣ್ಣೆಯ ಕಲೆ ಇತ್ತು. ಒಲೆಯ ಹಿಂದೆ ಏನಿತ್ತೋ, ಅದನ್ನು ನಾನು ಹೇಳುವುದಿಲ್ಲ. "ಇಂಥಾ ಕೊಳಕಿನಲ್ಲಿ ಪಾದ್ರಿಗಳಿಗೆ ಬಡಿಸಿದೀನಾ ನಾನು!" ಎಂದು ಫೆರೆಟಿಯ ಕೈಗೆ ಬ್ರಷ್ಷು ಕೊಟ್ಟರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ನಿನಗೆ ಯಾವಾಗ ನರೆ ಬಂತೇ ಮಗಳೇ?" ಎಂದರು. ಹೆಬ್ಬೆರಳಿನಿಂದ ನನ್ನ ಹುಬ್ಬು ಸವರಿದರು. ನನಗೆ ಅಳು ಬಂತು, ಆಕೆ ನಕ್ಕರು.

ಶನಿವಾರ ಸಂತೆಗೆ ಹೋದಾಗ ಮೀನಿನವನು ನಮ್ಮನ್ನು ಕಂಡು ತಕ್ಕಡಿಯ ಹಿಂದೆ ಸರಿದ. ಅತ್ತೆ ಮಂಜುಗಡ್ಡೆಯ ಮೇಲೆ ಮಲಗಿದ್ದ ಸ್ನ್ಯಾಪರ್‌ಗಳನ್ನು ಬಗ್ಗಿ ನೋಡಿದರು. ಒಂದೊಂದರ ಬೆನ್ನ ಮೇಲೂ ಬೆರಳಿಟ್ಟು ಚುಕ್ಕಿ ಎಣಿಸಿದರು. ಚೀಲದಿಂದ ಒಂದು ಡಬ್ಬಿ ಕೋಕೋ ಗಂಜಿ ತೆಗೆದು ಅವನ ಮುಂದಿಟ್ಟು, "ತಪ್ಪು ನಂದು ಕಣಪ್ಪಾ. ತಿನ್ನು, ಬಿಸಿ ಇದೆ," ಎಂದರು. ಅವನು ಡಬ್ಬಿಯನ್ನು ಮೂಸಿ ನೋಡಿಯೇ ತೆರೆದ.

ಪರ್ಮೋದ್‌ನ ಅಂಗಡಿಯಲ್ಲಿ ಈ ಸಲ ಹತ್ತು ಕ್ಷಣವೂ ಹಿಡಿಯಲಿಲ್ಲ. "ನಡುವಿನದು," ಎಂದರು. ಮೀನು ಚೀಲದಿಂದ ಹೊರಗೆ ಬರಲೇ ಇಲ್ಲ.

ಆದರೆ ಸುದ್ದಿ ಬೇರೆಯೇ ಥರ ಹಬ್ಬಿತು. ಸಿಯೆನಿ ಸಿಂಕಿನ ಮೇಲೆ ಹೊಸ ಬಲ್ಬು ಹಾಕಿಸಿದ ಮೇಲೆ ಹಾಡಿನ ಪುಸ್ತಕ ಓದುತ್ತಾಳೆ, ಕನ್ನಡಕ ಕೂಡ ಇಲ್ಲ ಎಂದು ಚರ್ಚಿನ ಹೆಂಗಸರ ಸಂಘದಲ್ಲಿ ಮಾತು. ಒಬ್ಬೊಬ್ಬರಾಗಿ ನಮ್ಮ ಅಡುಗೆಮನೆಗೆ ಬಂದು ಚಾವಣಿ ನೋಡಿಕೊಂಡು ಹೋದರು. ಅತ್ತೆ ಯಾರಿಗೂ ನಿಜ ಹೇಳಲಿಲ್ಲ.

"ಯಾಕತ್ತೆ, ಕಣ್ಣು ಮಾಡಿಸ್ಕೊಂಡೆ ಅಂತ ಹೇಳ್ಬಾರ್ದಾ?"

"ಕಣ್ಣು ತೋರಿಸ್ಕೊ ಅಂದ್ರೆ ಈ ಮುದುಕೀರು ಯಾರೂ ಬರಲ್ಲ. ನಾನು ಬಂದಿದ್ನಾ? ಬಲ್ಬು ಕೊಡಿಸ್ತೀನಿ ಅಂದ್ರೆ ಎಲ್ರೂ ಬರ್ತಾರೆ."

ಮುಂದಿನ ಮಂಗಳವಾರ ಚರ್ಚಿನ ವ್ಯಾನು ತುಂಬ ಅಜ್ಜಿಯರು ಹೊರಟರು. ಎಲ್ಲರೂ ತಮ್ಮ ತಮ್ಮ ಸುಟ್ಟ ಬಲ್ಬು, ಸುಡದ ಬಲ್ಬು ಹಿಡಿದುಕೊಂಡಿದ್ದರು. ಇಬ್ಬರ ಚೀಲದಲ್ಲಿ ಮೀನು, ಒಬ್ಬಳ ಚೀಲದಲ್ಲಿ ಕೆಸುವಿನ ಗೆಡ್ಡೆ. ಅಂಗಡಿಯ ಬಾಗಿಲಲ್ಲಿ ಅತ್ತೆ ಅವರನ್ನು ಸಾಲಾಗಿ ನಿಲ್ಲಿಸಿದರು. ಪರ್ಮೋದ್ ಒಳಗಿನಿಂದ ನೋಡಿ ಕಿವಿಯ ಪೆನ್ಸಿಲು ತೆಗೆದ.

"ಎಷ್ಟು ಬಲ್ಬು ಬೇಕಮ್ಮಾ?"

"ಅದನ್ನ ಆಮೇಲೆ ನೋಡೋಣ ಮಗಾ. ಮೊದಲು ಎಲ್ಲರ ಒಂದೊಂದು ಕಣ್ಣು ಮುಚ್ಚಿಸು," ಎಂದರು ಅತ್ತೆ.