ಬೆಲ್ಲದ ಕೋಣೆಯ ಕೀಲಿ

ಬೆಲ್ಲದ ಮಂಡಿಯವರ ಮನೆಗೆ ಸೊಸೆಯಾಗಿ ಬಂದು, ಒಂದು ಚೂರು ಬೆಲ್ಲಕ್ಕೆ ಕಳ್ಳಿ ಅನ್ನಿಸಿಕೊಂಡವಳು ನಾನು. ಅಜ್ಜಂಪುರದ ಪೇಟೆ ಬೀದಿಯಲ್ಲಿ ಆ ಮನೆಗೆ ಈಗಲೂ ಮಂಡಿ ಮನೆ ಎಂದೇ ಹೆಸರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬೆಲ್ಲದ ಕೋಣೆ. ಹಾಸಿಗೆ, ಸೀರೆ, ಕೊನೆಗೆ ಕುಡಿಯುವ ನೀರಿಗೂ ಬೆಲ್ಲದ ವಾಸನೆ. ಆ ಕೋಣೆಯ ಕೀಲಿ ನನ್ನ ಅತ್ತೆ ತೀರ್ಥಮ್ಮನವರ ಸೊಂಟದಲ್ಲಿತ್ತು. ಮಾವ ತೀರಿಕೊಂಡ ಮೇಲೆ ಮಂಡಿಯನ್ನು ನಡೆಸಿದವರು ಅವರೇ. ಗಾಡಿಯವರ ಜೊತೆ ಚೌಕಾಶಿ ಮಾಡಿ, ಒಬ್ಬನೇ ಮಗನನ್ನು ಓದಿಸಿ, ಯಾರಿಗೂ ತಲೆಬಾಗದೆ ಬದುಕಿದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವರ ಬಗ್ಗೆ ಒಳ್ಳೆಯದು ಹೇಳಲು ನನಗೆ ಪುರಸೊತ್ತು ಸಿಗುವುದಿಲ್ಲ.

ಮದುವೆಯಾದ ಮರುವರ್ಷ ಐದು ತಿಂಗಳ ಬಸಿರು ಇಳಿದುಹೋಯಿತು. ಆ ಹೊತ್ತಿಗೆ ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗುತ್ತಿರಲಿಲ್ಲ, ರವಿಕೆಗಳೆಲ್ಲ ಜೋಲು ಬಿದ್ದಿದ್ದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ನೋಡಿ ಸಕ್ಕರೆ ಕಾಯಿಲೆ ಎಂದರು, ಬದುಕಿರುವವರೆಗೂ ಇಂಜೆಕ್ಷನ್ ಎಂದರು. ಮುದುಕರಿಗೆ ಬರುವ ಕಾಯಿಲೆ ಹರೆಯದ ಹುಡುಗಿಗೆ ಹೇಗೆ ಬಂತು ಎಂದು ಇಡೀ ಬೀದಿ ಬಂದು ನನ್ನನ್ನು ನೋಡಿಕೊಂಡು ಹೋಯಿತು. ಅತ್ತೆಯ ಅಣ್ಣನಿಗೆ ಕಡೂರಿನಲ್ಲಿ ಪ್ರೇಮ ಎಂಬ ಮಗಳಿದ್ದಳು. ಬರುವ ಯುಗಾದಿಯೊಳಗೆ ನನಗೆ ಬಸಿರು ನಿಲ್ಲದಿದ್ದರೆ ಆ ಹುಡುಗಿಯನ್ನು ತಂದುಕೊಳ್ಳುವುದೆಂದು ಅತ್ತೆ ನನ್ನೆದುರಿಗೇ ಹೇಳಿದರು. ದನದ ವ್ಯಾಪಾರದ ಮಾತು ಆಡಿದಂತೆ ಹೇಳಿದರು.

ಎಪ್ಪತ್ತೆಂಟರಲ್ಲಿ ನನ್ನನ್ನು ತರೀಕೆರೆಯ ಲೇಡಿ ಡಾಕ್ಟರು ಸುಲೋಚನಮ್ಮನವರ ಹತ್ತಿರ ಕರೆದುಕೊಂಡು ಹೋದವರು ನನ್ನ ಗಂಡ ಓಂಕಾರಮೂರ್ತಿ. ಮಗು ಬೇಕಾದರೆ ಮೊದಲು ಮೈಯ ಸಕ್ಕರೆ ಹದಕ್ಕೆ ಬರಬೇಕು ಎಂದರು ಡಾಕ್ಟರು. ದಿನಕ್ಕೆ ಎರಡು ಇಂಜೆಕ್ಷನ್. ಗಾಜಿನ ನಳಿಕೆಯಲ್ಲಿ ನೀಲಿ ಔಷಧಿಗೆ ನಾಲ್ಕು ಹನಿ ಮೂತ್ರ ಹಾಕಿ ಕಾಯಿಸಿ ನೋಡಬೇಕು. ಬಣ್ಣ ಇಟ್ಟಿಗೆಯಂತೆ ಕೆಂಪಾದರೆ ಕೆಟ್ಟದ್ದು, ನೀಲಿಯಾಗಿಯೇ ಉಳಿದರೆ ಒಳ್ಳೆಯದು. ಕೆಲವು ತಿಂಗಳು ನೀಲಿ ಉಳಿಸಿಕೊಂಡರೆ ಬಸಿರಿಗೆ ಮನಸ್ಸು ಮಾಡಬಹುದು. ಮಾಮೂಲಿಯಾಗಿ ಸಿಹಿ ತಿನ್ನಬಾರದು. ಆದರೆ ಇಂಜೆಕ್ಷನ್ ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು. ಊಟ ತಡವಾಗಿ ಬೆವರು ಕಿತ್ತುಬಂದು ಕೈಕಾಲು ನಡುಗಿದರೆ ಸಕ್ಕರೆ ತೀರಾ ಇಳಿದಿದೆ ಎಂದೇ ಅರ್ಥ, ಆಗ ಸಕ್ಕರೆಯೋ ಬೆಲ್ಲವೋ ಕೈಗೆ ಸಿಕ್ಕಿದ್ದನ್ನು ತಕ್ಷಣ ಬಾಯಿಗೆ ಹಾಕಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಬರುತ್ತದೆ. ಈ ಕೊನೆಯ ಮಾತನ್ನು ಡಾಕ್ಟರು ನನ್ನ ಗಂಡನ ಕಡೆ ತಿರುಗಿ ಎರಡು ಸಲ ಹೇಳಿದರು. ನನ್ನ ಗಂಡ ಎರಡು ಸಲವೂ ತಲೆಯಾಡಿಸಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಡಾಕ್ಟರು ಏನೆಂದರು ಎಂದು ಕೇಳಿದರು. "ಸಿಹಿ ಮುಟ್ಬಾರ್ದಂತೆ ಕಣಮ್ಮ" ಎಂದು ಹೇಳಿ ನನ್ನ ಗಂಡ ಕಾಲು ತೊಳೆಯಲು ಹಿತ್ತಿಲಿಗೆ ಹೋದರು. ಅಷ್ಟೇ. ನನ್ನ ಜೀವ ನಿಂತಿದ್ದ ಉಳಿದರ್ಧ ಮಾತು ಅವರ ಬಾಯಲ್ಲೇ ಉಳಿಯಿತು. ನನ್ನ ಗಂಡ ಕೆಟ್ಟವರೇನಲ್ಲ. ಕೆಟ್ಟವರಾಗುವುದಕ್ಕೂ ಸ್ವಲ್ಪ ಧೈರ್ಯ ಬೇಕು.

ಉಳಿದರ್ಧವನ್ನು ನಾನೇ ಹೇಳಿದೆ. ಸಿಹಿ ಕಾಯಿಲೆಗೆ ಸಿಹಿಯೇ ಮದ್ದು ಎನ್ನುವ ಡಾಕ್ಟರು ಯಾವ ಲೋಕದಲ್ಲಿದ್ದಾರೆ, ನನ್ನ ಕಿವಿಗೆ ಹೂವು ಇಡಬೇಡ ಎಂದರು ಅತ್ತೆ. ಅಂದು ಸಂಜೆಯೇ ಅಡುಗೆ ಮನೆಯ ಸಕ್ಕರೆ ಡಬ್ಬಿ, ದೇವರ ಮನೆಯ ಕಲ್ಲುಸಕ್ಕರೆ, ಬಾಳೆಹಣ್ಣಿನ ಗೊನೆ ಎಲ್ಲವೂ ಬೆಲ್ಲದ ಕೋಣೆ ಸೇರಿ ಬೀಗ ಬಿತ್ತು. ನಿಮ್ಮ ತಾಯಿಗೆ ಪೂರ್ತಿ ಹೇಳಿ ಎಂದು ಗಂಡನಿಗೆ ಅದೆಷ್ಟು ಸಲ ಹೇಳಿದೆನೋ. ಹೇಳ್ತೀನಿ ಬಿಡು, ಸಮಯ ನೋಡಿ ಹೇಳ್ತೀನಿ ಎನ್ನುತ್ತಿದ್ದರು. ಆ ಸಮಯ ಯಾವ ಪಂಚಾಂಗದಲ್ಲೂ ಬರಲಿಲ್ಲ.

ನಮ್ಮವರಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕುವಂತಿಲ್ಲ. ಮಂಡಿ ಮನೆಯಲ್ಲಿ ಮೊದಲು ಅತ್ತೆಯ ಪೂಜೆ, ಆಮೇಲೆ ಮಗನದು, ಕೊನೆಗೆ ನನ್ನದು. ಮೂತ್ರ ಕಾಯಿಸುವವಳು ಎಂದು ನನ್ನನ್ನು ಹಿಂದಕ್ಕೆ ತಳ್ಳಿದ್ದರು. ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆಯಿಲ್ಲ ಎಂದು ನಮ್ಮಪ್ಪ ಹೇಳಿಕೊಟ್ಟಿದ್ದರು. ಅತ್ತೆಯ ಮನೆಯಲ್ಲಿ ಲಿಂಗಕ್ಕಿಂತ ಅತ್ತೆ ದೊಡ್ಡವರು. ಇಂಜೆಕ್ಷನ್ ಚುಚ್ಚಿಕೊಂಡು ನಾನು ಒಲೆಯ ಮುಂದೆ ಕಾಯುತ್ತಿದ್ದರೆ ಅವರು ಒಂದೊಂದೇ ಬಿಲ್ವಪತ್ರೆಯನ್ನು ಒರೆಸಿ ಒರೆಸಿ ಏರಿಸುತ್ತಿದ್ದರು. ತಡವಾಗಿ ಚುಚ್ಚಿಕೊಂಡರೆ ನಳಿಕೆ ಕೆಂಪಾಗುತ್ತಿತ್ತು, ಹೊತ್ತಿಗೆ ಚುಚ್ಚಿಕೊಂಡರೆ ನಡುಕ ಹತ್ತುತ್ತಿತ್ತು. ಕೆಂಪಾದರೆ ಮಗುವಿಲ್ಲ, ನಡುಗಿದರೆ ನಾನಿಲ್ಲ.

ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಕೈ ನನ್ನ ಮಾತು ಕೇಳದಾಯಿತು. ಸೆರಗು ಬೆವರಿನಲ್ಲಿ ತೊಯ್ದಿತು. ಬೆಲ್ಲದ ಕೋಣೆಯ ಬಾಗಿಲು ತೆರೆದಿತ್ತು, ಆಳುಗಳು ಮಾಲು ಇಳಿಸುತ್ತಿದ್ದರು. ಗೋಡೆ ಹಿಡಿದುಕೊಂಡು ಹೋಗಿ ಒಂದು ಬೆಲ್ಲದ ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ಅತ್ತೆ ಹಿಂದಿನಿಂದ ಬಂದು ದವಡೆ ಹಿಡಿದು, ಬೆರಳು ಹಾಕಿ ಅದನ್ನು ಹೊರಗೆ ತೆಗೆದರು. ಆಳುಗಳು ನೋಡುತ್ತಿದ್ದರು. ಮೈಯೊಳಗೆ ಸಿಹಿ ಏರಿದ್ದಕ್ಕೇ ನಡುಕ ಎಂದು ಹೇಳಿ ಹಾಗಲಕಾಯಿ ಅರೆದು ಲೋಟದ ತುಂಬ ರಸ ಕುಡಿಸಿದರು. ಆಮೇಲಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ತುಟಿಯಲ್ಲಿ ಬಾಳೆಹಣ್ಣು ಅಂಟಿತ್ತು. ಬೆಲ್ಲದ ಕೋಣೆಯಿಂದ ತಾಯಿಯ ಕಣ್ಣು ತಪ್ಪಿಸಿ ತಂದು ತಿನ್ನಿಸಿದ್ದ ನನ್ನ ಗಂಡ ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಂಡಿ ಮನೆಯ ಸೊಸೆ ಬೆಲ್ಲ ಕದ್ದು ತಿಂದು ಬಸಿರು ಕಳೆದುಕೊಂಡವಳು ಎಂಬ ಮಾತು ಅಂದು ಸಂಜೆಗೇ ಬಾವಿಕಟ್ಟೆಯಲ್ಲಿತ್ತು.

ನಮ್ಮಪ್ಪ ಶಿವಮೂರ್ತಪ್ಪ ಎಮ್ಮೆದೊಡ್ಡಿ ಕಡೆಯವರು. ಅಜ್ಜಂಪುರದ ಸಂತೆಗೆ ಬಂದಾಗ ನನ್ನನ್ನು ನೋಡಿಕೊಂಡು ಹೋಗುತ್ತಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ. ಜಗಳಕ್ಕೆ ಎದ್ದರು, ನಾನೇ ಕೈಹಿಡಿದು ಕೂರಿಸಿದೆ. ಜಗಳವಾದರೆ ನಾನು ತವರಿಗೆ, ಪ್ರೇಮ ಮಂಡಿ ಮನೆಗೆ. ನನಗೆ ಮಗು ಬೇಕಿತ್ತು. ಅದರಷ್ಟೇ, ಆ ಮನೆಯಲ್ಲಿ ಗೆದ್ದು ತೋರಿಸಬೇಕಿತ್ತು. ಮುಂದಿನ ಸಂತೆಗೆ ಅಪ್ಪ ಸಣ್ಣ ಹರಳಿನ ಕಲ್ಲುಸಕ್ಕರೆ ತಂದುಕೊಟ್ಟರು.

ಇಡುವುದೆಲ್ಲಿ? ಟ್ರಂಕನ್ನು ಅತ್ತೆ ತೆಗೆಯುತ್ತಿದ್ದರು, ದಿಂಬನ್ನು ಹಿಸುಕಿ ನೋಡುತ್ತಿದ್ದರು. ಅವರ ಕೈ ಹೋಗದ ಜಾಗ ನನ್ನ ಮೈಮೇಲೆ ಒಂದೇ ಒಂದಿತ್ತು. ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆ, ನನ್ನ ಲಿಂಗ ಇರುವ ಭರಣಿ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಗಂಡನೂ ಮುಟ್ಟುವಂತಿಲ್ಲ. ಲಿಂಗದ ಪಕ್ಕದಲ್ಲಿ ಬಟ್ಟೆಯ ಚೂರಿನಲ್ಲಿ ಸುತ್ತಿ ನಾಲ್ಕೈದು ಹರಳು ಇಟ್ಟೆ. ನಡುಕದ ಸೂಚನೆ ಸಿಕ್ಕರೆ ಎಲ್ಲಿದ್ದರೆ ಅಲ್ಲೇ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಹರಳನ್ನು ಅದಕ್ಕೆ ಒಪ್ಪಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಲಿಂಗಕ್ಕೆ ಒಪ್ಪಿಸಿದ್ದು ಪ್ರಸಾದ. ಪ್ರಸಾದವನ್ನು ಕಳವು ಎನ್ನಲು ಯಾರ ಅಪ್ಪನಿಗೂ ಸಾಧ್ಯವಿಲ್ಲ.

ಅತ್ತೆ ನೋಡಿದರು. ಸೊಸೆ ದಿನಕ್ಕೆ ಮೂರು ನಾಲ್ಕು ಸಲ ಲಿಂಗ ಹಿಡಿದು ಕೂರುತ್ತಾಳೆ, ತಾವು ಬಿಗಿ ಮಾಡಿದ್ದಕ್ಕೇ ದಾರಿಗೆ ಬಂದಳು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ಒಳಗೇ ನಕ್ಕೆ. ನಳಿಕೆ ವಾರಗಟ್ಟಲೆ ನೀಲಿಯಾಗಿ ಉಳಿಯಿತು. ಯುಗಾದಿಗೆ ಇನ್ನೂ ಹೊತ್ತಿರುವಾಗಲೇ ಬಸಿರು ನಿಂತಿತು.

ಏಳನೆಯ ತಿಂಗಳಿಗೆ ಸೀಮಂತ ಇಟ್ಟುಕೊಂಡರು. ಊರ ಅಯ್ಯನವರು ಬಂದು ಪಾದಪೂಜೆಯಾದ ಮೇಲೆ ಎಲ್ಲರಿಗೂ ಊಟ. ಅಯ್ಯನವರು ಬೆಳಿಗ್ಗೆ ಬೇಗ ಬರುತ್ತಾರೆ ಎಂದು ಅತ್ತೆ ಹೇಳಿದ್ದರಿಂದ ನಾನು ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡೆ. ಅಯ್ಯನವರು ಬೇರೆ ಮನೆಯಲ್ಲಿ ಸಿಕ್ಕಿಕೊಂಡಿದ್ದರು. ಬಿಸಿಲು ಏರಿತು. ಹೆಂಗಸರು ನನ್ನನ್ನು ಮಣೆಯ ಮೇಲೆ ಕೂರಿಸಿ ಬಳೆ ತೊಡಿಸುತ್ತಿದ್ದರು. ಜನರ ನಡುವೆ ಕರಡಿಗೆ ತೆಗೆಯಲು ಹಿಂಜರಿದು ತಡೆದುಕೊಂಡೆ. ಕಡೆಗೂ ಅಯ್ಯನವರು ಬಂದು ಪೀಠದ ಮೇಲೆ ಕೂತರು. ಅಷ್ಟರಲ್ಲಿ ಬಳೆ ತೊಡಿಸುತ್ತಿದ್ದ ಕಾಮಾಕ್ಷಮ್ಮ, ಎದುರು ಮನೆಯವಳು, ನನ್ನ ಕೊರಳನ್ನೇ ನೋಡಿ ಕೈ ನಿಲ್ಲಿಸಿದಳು. ಹೂವಿನ ಹಾರದಿಂದ ಇರುವೆಗಳು ಸಾಲುಗಟ್ಟಿ ಕರಡಿಗೆಯ ಸಂದಿಗೆ ಇಳಿಯುತ್ತಿದ್ದವು.

ತೆಗೆ ಎಂದರು ಅತ್ತೆ. ನಡುಗುವ ಕೈಯಲ್ಲಿ ತೆಗೆದೆ. ಬೆವರಿಗೆ ಕರಗಿದ ಕಲ್ಲುಸಕ್ಕರೆ ಲಿಂಗಕ್ಕೆ ಅಂಟಿಕೊಂಡಿತ್ತು.

"ಶಿವನ್ನೇ ಕಳ್ಳಮಾಲು ಕಾಯಕ್ಕೆ ಇಟ್ಕೊಂಡಿದ್ಯೇನೇ?" ಎಂದರು.

ನಾನು ಕಂಬಕ್ಕೆ ಒರಗಿ ನಿಂತಿದ್ದ ಗಂಡನನ್ನು ನೋಡಿದೆ. ಕಣ್ಣು ಮಂಜಾಗುತ್ತಿತ್ತು, ಆದರೂ ನೋಡಿದೆ. "ನಿಮ್ಮ ಮಗನ್ನ ಕೇಳಿ ಅತ್ತೆ. ಡಾಕ್ಟ್ರು ಪೂರ್ತಿ ಏನ್ ಹೇಳಿದ್ರು ಅಂತ ಈಗ ಎಲ್ರ ಮುಂದೆ ಹೇಳ್ಲಿ."

ಅವರು ತಾಯಿಯ ಮುಖ ನೋಡಿದರು, ನೆಲ ನೋಡಿದರು. "ಸಿಹಿ ಮುಟ್ಬಾರ್ದು ಅಂದ್ರು" ಎಂದರು.

ಪೂಜೆ ಮುಗಿಯಲಿ, ಉಳಿದದ್ದು ಆಮೇಲೆ ನೋಡೋಣ ಎಂದರು ಅಯ್ಯನವರು. ಅವರಿಗೆ ಹಸಿವಾಗಿತ್ತು. ನನ್ನ ಹಸಿವಿಗೆ ಯಾರೂ ಇರಲಿಲ್ಲ.

ನಾನು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಅದಕ್ಕೆ ಅಂಟಿದ್ದ ಸಕ್ಕರೆಯನ್ನು ಇರುವೆ ಸಮೇತ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಅದು ಸಾಲಲಿಲ್ಲ. ಮಣೆಯಿಂದ ಎದ್ದು, ಅಲಂಕಾರದ ಸೀರೆಯಲ್ಲೇ ಗೋಡೆ ಹಿಡಿದು ಅಂಗಡಿಗೆ ಹೋದೆ. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಅಚ್ಚನ್ನು ಎತ್ತಿ ಹೊಸ್ತಿಲಿಗೆ ಬಡಿದು ಒಡೆದೆ. ಬೀದಿಗೆ ಮುಖ ಮಾಡಿ ಕೂತು, ಕೈಯ ನಡುಕ ನಿಲ್ಲುವವರೆಗೂ ತಿಂದೆ. ನೋಡುವವರೆಲ್ಲ ನೋಡಲಿ ಎಂದೇ ತಿಂದೆ. ಆಮೇಲೆ, ಸೀಮಂತಕ್ಕೆಂದು ಆಗಷ್ಟೇ ಬಂದಿಳಿದ ಅಪ್ಪನ ಜೊತೆ ಬಸ್ಸು ಹತ್ತಿದೆ. ನನ್ನ ಗಂಡ ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದರು, ಹತ್ತಿರ ಬರಲಿಲ್ಲ.

ದಿನ ತುಂಬುವ ಮೊದಲೇ ಸುಲೋಚನಮ್ಮನವರು ತರೀಕೆರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ದುಂಡು ದುಂಡಾದ ಹೆಣ್ಣುಮಗು. ಸುದ್ದಿ ಹೋದ ದಿನವೇ ಅತ್ತೆ ಬಂದರು. ಹೆಣ್ಣು ಎಂದು ತಿಳಿದೂ ಬಂದರು, ಅದನ್ನೂ ಹೇಳಬೇಕು. ನನ್ನ ಕಡೆ ನೋಡದೆ ಮಗುವನ್ನು ಮಡಿಲಿಗೆ ತೆಗೆದುಕೊಂಡು ಕಿಟಕಿಯ ಬಳಿ ಕೂತರು.

ಸ್ವಲ್ಪ ಹೊತ್ತಿಗೆ ಮಗುವಿನ ಗಲ್ಲ ಅದುರಿತು. ಆಮೇಲೆ ಕೈ, ಆಮೇಲೆ ಕಾಲು. ಎಳೆಯ ಹಣೆಯ ಮೇಲೆ ತಣ್ಣನೆಯ ಬೆವರು. ಇವಳ ಹಾಗೆಯೇ ನಡುಗುತ್ತಿದೆ ಎಂದು ಅತ್ತೆ ಕೂಗಿದರು. ನರ್ಸ್ ಜವರಮ್ಮ ಓಡಿಬಂದು ನೋಡಿ, ಆಯಾಳನ್ನು ಡಾಕ್ಟರ ಹತ್ತಿರ ಓಡಿಸಿ, ಬಟ್ಟಲಿನಲ್ಲಿ ಗ್ಲೂಕೋಸ್ ನೀರು ಕದಡಿ ಚಮಚ ಮುಂದೆ ಚಾಚಿದಳು. ಅತ್ತೆ ಆ ಕೈಯನ್ನು ತಳ್ಳಿದರು. ತಾಯಿಯ ಕಾಯಿಲೆ ಮಗುವಿಗೂ ಬಂದಿದೆ, ಸಿಹಿ ಹಾಕಿ ಕೊಲ್ಲಬೇಡ ಎಂದು ಮಗುವನ್ನು ಎದೆಗೆ ಅವುಚಿಕೊಂಡರು. ಬಿಡಿಸಿಕೊಳ್ಳಲು ಜವರಮ್ಮನಿಗೆ ಆಗಲಿಲ್ಲ. ನನಗೆ ಏಳಲು ಆಗುತ್ತಿರಲಿಲ್ಲ, ಹೊಲಿಗೆ ಹಸಿಯಾಗಿತ್ತು. ಅಷ್ಟು ದ್ವೇಷ ನನ್ನ ಮೈಯಲ್ಲಿ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ.

"ಅತ್ತೆ, ಅದು ನಡುಗ್ತಿರೋದು ಸಿಹಿ ಇಲ್ದೆ" ಎಂದೆ. "ನಾನೂ ಅದಕ್ಕೇ ನಡುಗ್ತಿದ್ದೆ. ನನ್ನ ಬಾಯಿಂದ ಕಿತ್ಕೊಂಡ್ರಿ. ಅದರ ಬಾಯಿಂದ್ಲೂ ಕಿತ್ಕೊತೀರಾ? ಹಂಗಾದ್ರೆ ಹೋಗಿ ಹಾಗಲಕಾಯಿ ಅರ್ಕೊಂಡ್ ಬನ್ನಿ."

ಅತ್ತೆ ಮಗುವನ್ನು ನೋಡಿದರು. ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಜವರಮ್ಮನ ಕೈಯಿಂದ ಚಮಚ ಕಸಿದುಕೊಂಡು ತಾವೇ ಹನಿ ಹನಿಯಾಗಿ ತುಟಿಗೆ ಬಿಟ್ಟರು. ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು. ಡಾಕ್ಟರು ಬರುವ ಹೊತ್ತಿಗೆ ಕಾಲಿನ ಅದುರು ನಿಂತಿತ್ತು, ಆಮೇಲೆ ಕೈಯದೂ ನಿಂತಿತು. ಮಗು ಬಾಯಿ ತೆರೆದು ಜೋರಾಗಿ ಅತ್ತಿತು. ಅತ್ತೆ ಚಮಚ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು. ತಪ್ಪಾಯಿತು ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

ಬಾಣಂತನ ಮುಗಿದ ಮೇಲೆ ನನ್ನನ್ನು ಕರೆಯಲು ಗಂಡ ಬಂದರು. ಅಂದು ಎಲ್ಲರ ಮುಂದೆ ಹೇಳಬೇಕಾಗಿದ್ದ ಮಾತನ್ನು ಮೊದಲು ನಿಮ್ಮ ತಾಯಿಗೆ ಹೇಳಿ, ಆಮೇಲೆ ಬೆಲ್ಲದ ಕೋಣೆಯ ಕೀಲಿ ತನ್ನಿ, ಬರುತ್ತೇನೆ ಎಂದೆ. ಮರುವಾರ ಕೀಲಿ ಬಂತು. ಮಾತು ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ, ಅವರ ಮಾತಿನ ಮೇಲೆ ನನಗೆ ಆಸೆ ಉಳಿದಿರಲಿಲ್ಲ.

ಅದಾಗಿ ಎಂಟು ವರ್ಷ. ಕೀಲಿ ನನ್ನ ಸೊಂಟದಲ್ಲಿದೆ, ಕಲ್ಲುಸಕ್ಕರೆ ಅಡುಗೆ ಮನೆಯಲ್ಲಿ ಎಲ್ಲರ ಕಣ್ಣಿಗೆ ಕಾಣುವ ಹಾಗೆ ಗಾಜಿನ ಡಬ್ಬಿಯಲ್ಲಿದೆ. ಅತ್ತೆಗೆ ಬೆಲ್ಲದ ಕಾಫಿಯೇ ಆಗಬೇಕು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅಡುಗೆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಮಲ್ಲಿಕಾಂಬ, ಒಂಚೂರು ಬೆಲ್ಲ ಕೊಡವ್ವ" ಎನ್ನುತ್ತಾರೆ. ಕೇಳಿದಷ್ಟೂ ಕೊಡುತ್ತೇನೆ, ಕೈ ಹಿಡಿದು ಕೊಟ್ಟವಳಲ್ಲ. ಅವರು ಕೇಳದೆ ಮಾತ್ರ ಒಂದು ದಿನವೂ ಕೊಟ್ಟಿಲ್ಲ.